ರಜಿಯಾಬಿ ಓದದೆ ಸಹಿ ಹಾಕಿದ ಕಾಗದ

ನವಲಗುಂದದ ನಮ್ಮ ಓಣಿಯಲ್ಲಿ ರಜಿಯಾಬಿಯ ಜಮಖಾನದ ಮೇಲೆ ಕೂರದವರು ಯಾರೂ ಇಲ್ಲ. ಕುಬಸವಿರಲಿ, ನಿಶ್ಚಯವಿರಲಿ, ಮಠದಲ್ಲಿ ಪುರಾಣವಿರಲಿ, ಮೊದಲು ಹಾಸುವುದು ಅವಳು ನೇಯ್ದದ್ದನ್ನೇ. ಆದರೆ ಅವಳನ್ನು ಅದರ ಮೇಲೆ ಕೂರಿಸಿ, ನಿನ್ನ ಬಾಳು ಹೇಗಾಯಿತವ್ವಾ ಎಂದು ಕೇಳಿದವರು ನನಗೆ ತಿಳಿದಂತೆ ಒಬ್ಬರೂ ಇಲ್ಲ. ಮೂವತ್ತೈದು ವರ್ಷದಿಂದ ಪಕ್ಕದ ಮನೆಯಲ್ಲಿರುವ ನಾನೂ ಕೇಳಿರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಕಸ್ತೂರೆವ್ವ ನಾನು. ಕೇಳುವುದಕ್ಕಿಂತ ಹೇಳುವುದೇ ನನಗೆ ರೂಢಿ. ಅವಳ ಬಗ್ಗೆ ಬರೆಯಲು ನಿನಗೇನು ಹಕ್ಕು ಎನ್ನುವಿರಾದರೆ, ಹೋದ ವರ್ಷ ಅವಳನ್ನು ಮಗಳಿಂದ ಅಗಲಿಸಿದವಳು ನಾನೇ. ಅದಕ್ಕಿಂತ ಹೆಚ್ಚಿನ ಹಕ್ಕು ನನಗೆ ಬೇಕಿಲ್ಲ.

ಹದಿನೇಳನೆಯ ವಯಸ್ಸಿಗೆ ರಜಿಯಾಬಿ ಶಲವಡಿಯಿಂದ ಮಾಬುಸಾಬನ ಹೆಂಡತಿಯಾಗಿ ಬಂದಳು. ಮಾಬುಸಾಬ ಸೈಕಲ್ ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಅವನು ತೀರಿಕೊಂಡು ಹತ್ತು ವರ್ಷವಾಯಿತು. ಆ ಮನೆಯನ್ನು ನಡೆಸುತ್ತಿದ್ದುದು ಮಾತ್ರ ಸೈಕಲ್ ಅಲ್ಲ, ಪಡಸಾಲೆಯಲ್ಲಿ ಗೋಡೆಗಾನಿಸಿ ನಿಲ್ಲಿಸಿದ ಮಗ್ಗ. ಅದರ ಮುಂದೆ ಹಲಗೆಯ ಮೇಲೆ ಕೂತು ಹೆಂಗಸರೇ ನೇಯಬೇಕು. ಬಣ್ಣದ ಹತ್ತಿನೂಲನ್ನು ಎಳೆಯೆಳೆಯಾಗಿ ಬೆರಳಿನಿಂದ ಪೋಣಿಸಿ, ಪಂಜಾ ಎಂಬ ಕಬ್ಬಿಣದ ಹಲ್ಲುಗಳಿರುವ ಸಾಧನದಿಂದ ಬಡಿದು ಬಡಿದು ಕೂರಿಸಬೇಕು. ಹೊಸ ಸೊಸೆಗೆ ಅತ್ತೆ ಮೊದಲ ವರ್ಷವೆಲ್ಲ ಬರೀ ನೂಲು ಸುತ್ತಲು ಹಚ್ಚಿದಳು. ಎರಡನೆಯ ವರ್ಷ ಪಂಜಾ ಕೈಗೆ ಕೊಡುವ ದಿನ ಒಂದು ಮಾತು ತೆಗೆದುಕೊಂಡಳು. ಈ ಕೆಲಸವನ್ನು ಸೊಸೆಗೆ ಕಲಿಸುತ್ತೇನೆ, ಮಗಳಿಗೆ ಕಲಿಸುವುದಿಲ್ಲ.

ಮಗಳು ಇನ್ನೊಬ್ಬರ ಮನೆ ಸೇರುವವಳು, ಕೈಯಲ್ಲಿರುವ ವಿದ್ಯೆಯನ್ನೂ ಅಲ್ಲಿಗೇ ಒಯ್ಯುತ್ತಾಳೆ, ನಮ್ಮ ಒಲೆಗೆ ಏನು ಉಳಿಯಿತು ಎಂಬುದು ಅವರ ತರ್ಕ. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ನಾನು ಮಾತ್ರ ಆ ಅತ್ತೆಯನ್ನು ಮನಸ್ಸಿನಲ್ಲೇ ಎಷ್ಟೋ ಸಲ ಬೈದಿದ್ದೇನೆ. ಯಾಕೆಂದರೆ ರಜಿಯಾಬಿಯ ಮಗಳು ಫಾತಿಮಾಬಿ ಬೆಳೆದದ್ದು ನನ್ನ ಕಣ್ಣೆದುರಿಗೆ. ಶಾಲೆ ಬಿಟ್ಟು ಬಂದವಳೇ ಪಡಸಾಲೆಯ ಬಾಗಿಲ ಚೌಕಟ್ಟಿಗೆ ಆತು ನಿಲ್ಲುತ್ತಿದ್ದಳು, ಪಾಟಿಚೀಲ ಇನ್ನೂ ಹೆಗಲ ಮೇಲೆಯೇ. ಎರಡು ನಿಮಿಷ ಆಗುವುದರೊಳಗೆ ಮಗ್ಗದ ಕಡೆಯಿಂದ ದನಿ ಬರುತ್ತಿತ್ತು. "ಫಾತಿಮಾ, ನೀರು ತಾ." ನೀರು ತಂದರೆ, "ಆಡು ಬಿಚ್ಚಿಕೊಂಡೈತಿ ನೋಡು." ಆಡು ಕಟ್ಟಿ ಬಂದರೆ, "ಅಂಗಡಿಗೆ ಹೋಗಿ ಬಾ." ನೋಡಿದರೆ ಕಲಿತುಬಿಡುತ್ತಾಳೆ ಎಂಬ ಹೆದರಿಕೆ ತಾಯಿಗೆ. ಬೈದು ಅಟ್ಟಿದ್ದರೆ ಹುಡುಗಿಯೂ ಜಗಳವಾಡಬಹುದಿತ್ತು. ರಜಿಯಾಬಿ ಯಾವತ್ತೂ ಬೈಯಲಿಲ್ಲ, ಕೆಲಸ ಹೇಳಿದಳು ಅಷ್ಟೇ.

ಫಾತಿಮಾಬಿ ಲಗ್ನವಾಗಿ ಅಣ್ಣಿಗೇರಿಗೆ ಹೋದಳು. ಗಂಡ ಟೆಂಪೋ ಓಡಿಸುತ್ತಾನೆ. ಇವಳು ಅಲ್ಲಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಇತ್ತ ಮಗ ಜಾಕೀರ್‌ನ ಹೆಂಡತಿಗೆ ರಜಿಯಾಬಿ ಮಾತಿನಂತೆ ಕಲಿಸಿದಳು. ಸೊಸೆ ಎರಡು ವರ್ಷ ಕೂತು ಸೊಂಟನೋವೆಂದು ಎದ್ದವಳು, ಗಂಡನೊಂದಿಗೆ ಹುಬ್ಬಳ್ಳಿ ಸೇರಿ ಹೊಲಿಗೆ ಮಷೀನು ಇಟ್ಟುಕೊಂಡಳು. ಅವಳ ತಪ್ಪೇನೂ ಇಲ್ಲ, ಸೊಂಟ ಅವಳದು. ಹೀಗೆ ಕಲಿಯಬೇಕಾದವಳು ಎದ್ದು ಹೋದಳು, ಕಲಿಯಬೇಕೆಂದವಳನ್ನು ಹತ್ತಿರ ಬಿಡಲಿಲ್ಲ. ಮಗ್ಗದ ಮುಂದೆ ರಜಿಯಾಬಿ ಒಬ್ಬಳೇ ಉಳಿದಳು.

ಆಗ ಬಂದವಳು ನೀಲಾ, ನನ್ನ ತಮ್ಮ ಮುದಕಪ್ಪನ ಮಗಳು. ಧಾರವಾಡದಲ್ಲಿ ಬಟ್ಟೆ ವಿಜ್ಞಾನದ ಎಂಎಸ್‌ಸಿಗೆ ಸೇರಿದ್ದಳು. ಬಟ್ಟೆಯಲ್ಲೂ ವಿಜ್ಞಾನ ಇರುತ್ತದೆ ಎಂಬುದು ನಮ್ಮ ಮನೆತನಕ್ಕೆ ಅವಳಿಂದಲೇ ಗೊತ್ತಾದದ್ದು. ನಮ್ಮೂರ ಜಮಖಾನ ಐವತ್ತು ವರ್ಷ ತುಳಿದರೂ ಯಾಕೆ ಸವೆಯುವುದಿಲ್ಲ ಎಂಬುದೇ ಅವಳ ಪ್ರಬಂಧದ ವಿಷಯ. ಮೂರು ತಿಂಗಳು ದಿನಾ ಬಂದು ರಜಿಯಾಬಿಯ ಪಕ್ಕ ಹಲಗೆಯ ಮೇಲೆ ಕೂತಳು, ಎಳೆ ಎಣಿಸಿದಳು, ಬರೆದುಕೊಂಡಳು, ಕೊನೆಗೆ ಪಂಜಾ ಹಿಡಿದು ಬಡಿಯಲೂ ಕಲಿತಳು. ರಜಿಯಾಬಿ ಬೇಡ ಎನ್ನಲಿಲ್ಲ. ಈ ಹುಡುಗಿ ಮಗಳೂ ಅಲ್ಲ, ಸೊಸೆಯೂ ಅಲ್ಲ. ಅತ್ತೆಗೆ ಕೊಟ್ಟ ಮಾತಿನಲ್ಲಿ ಇವಳ ಹೆಸರೇ ಬಂದಿರಲಿಲ್ಲ. ಒಂಟಿಯಾಗಿ ಕೂತು ಕೂತು ಬೇಸತ್ತ ಜೀವಕ್ಕೆ ಪಕ್ಕದಲ್ಲೊಂದು ಉಸಿರು ಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಯುರೋಪಿನಲ್ಲಿ ಪ್ರಬಂಧದ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಇದೆಯೆಂದು ನೀಲಾಳಿಗೆ ಅವಳ ಮೇಷ್ಟ್ರು ಹೇಳಿದರು. ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಆರು ತಿಂಗಳು. ಹೋಗುವ ಬರುವ ಖರ್ಚು, ಊಟ ವಸತಿ ಅವರದೇ. ಅಲ್ಲಿ ಬಟ್ಟೆಯನ್ನು ಸಾವಿರಗಟ್ಟಲೆ ಸಲ ತಿಕ್ಕಿ ಎಲ್ಲಿ ಹರಿಯುತ್ತದೆಂದು ನೋಡುವ ಯಂತ್ರವಿದೆಯಂತೆ. ಈ ಸುದ್ದಿ ಕೇಳಿ ರಜಿಯಾಬಿ ಕೈಯಲ್ಲಿದ್ದ ಪಂಜಾ ಕೆಳಗಿಟ್ಟಳು.

"ನಾ ನಾಕು ತಲಿಮಾರು ಬಾಳ್ಲಿ ಅಂತ ಬಡೀತೀನಿ. ಅವ್ರು ಹರೀಲಿ ಅಂತ ತಿಕ್ತಾರ?"

"ಹರಿಯೂದಿಲ್ಲ ಅಂತ ತೋರಸಾಕ ತಿಕ್ಕೂದು, ಆಯಿ," ಎಂದಳು ನೀಲಾ.

"ಹಂಗಾದ್ರ ತಿಕ್ಲಿ. ಯಂತ್ರಾನ ಹರೀತೈತಿ ನೋಡು!"

ಅರ್ಜಿಯ ಜೊತೆ ಮೂರು ಪತ್ರ ಬೇಕಿತ್ತು. ಇಲ್ಲಿಯ ಮೇಷ್ಟ್ರದು, ಸ್ವೀಡನ್ನಿನಲ್ಲಿ ಮಾರ್ಗದರ್ಶನ ಮಾಡುವ ಪ್ರೊಫೆಸರ್ ಬಾಯಿಯದು, ಮತ್ತು ನೇಯ್ಗೆ ತೋರಿಸಿಕೊಟ್ಟವರದು. ಮೊದಲೆರಡು ಬಂದವು. ಮೂರನೆಯದನ್ನು ಕೊನೆಯ ದಿನದ ಮಧ್ಯಾಹ್ನ ನಾನೇ ಬರೆದೆ. ಎಷ್ಟೋ ಮಕ್ಕಳಿಗೆ ನಡತೆಯ ಪ್ರಮಾಣಪತ್ರ ಬರೆದ ಕೈ ಇದು, ಪೆನ್ನು ಹಿಡಿದರೆ ತಾನೇ ಓಡುತ್ತದೆ. "ಕುಮಾರಿ ನೀಲಾ ಇವಳಿಗೆ ನನ್ನ ಸ್ವಂತ ಮಗಳಿಗೆ ಕಲಿಸಿದಂತೆಯೇ ಈ ನೇಯ್ಗೆಯನ್ನು ಮನಃಪೂರ್ವಕವಾಗಿ ಕಲಿಸಿರುತ್ತೇನೆ" ಎಂದು ಬರೆದೆ. ಬರೆದು, ಚೆನ್ನಾಗಿದೆ ಎಂದುಕೊಂಡೆ. ರಜಿಯಾಬಿ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.

"ಓದಿ ಹೇಳ್ತೀನಿ, ಕೇಳು," ಎಂದೆ.

"ನೀವು ಬರದಿದ್ದಕ್ಕ ನಾ ಏನ್ ಕೇಳೂದೈತ್ರಿ ಅಕ್ಕೋರ? ಎಲ್ಲಿ ಹಾಕ್ಲಿ ಹೇಳ್ರಿ."

ನಮ್ಮ ಓಣಿಯ ರೀತಿಯೇ ಅದು. ರೇಷನ್ ಕಾರ್ಡಿನ ಅರ್ಜಿ, ಪಿಂಚಣಿ ಅರ್ಜಿ ಎಲ್ಲ ನಾನು ಬರೆಯುವುದು, ಅವರು ಸಹಿ ಹಾಕುವುದು. ಓದಿಸಿಕೊಳ್ಳುವುದೆಂದರೆ ನಂಬಿಕೆಯಿಲ್ಲ ಎಂದ ಹಾಗೆ. ನಾನೂ ಒತ್ತಾಯ ಮಾಡಲಿಲ್ಲ. ಮೂರನೇ ಇಯತ್ತೆ ಕಲಿತ ಅಕ್ಷರದಲ್ಲಿ ನಿಧಾನವಾಗಿ ಹೆಸರು ಬರೆದು, ಮತ್ತೆ ಬಣ್ಣದ ಹಂಡೆಯ ಕಡೆ ಹೋದಳು.

ಎರಡು ತಿಂಗಳಿಗೆ ನೀಲಾ ಆಯ್ಕೆಯಾದ ಸುದ್ದಿ ಬಂತು. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರಿಕೆಯಲ್ಲಿದ್ದಾನೆ. ವೀಸಾ ಬಂದ ವಾರವೇ ಅವನನ್ನು ಕರೆಸಿ ಚಹಾ ಕುಡಿಸಿ, ನೀಲಾಳ ಫೋಟೋ, ರಜಿಯಾಬಿಯ ಫೋಟೋ, ಜೊತೆಗೆ ಆ ಪತ್ರದ ನಕಲನ್ನೂ ಕೊಟ್ಟೆ. ಯಾರು ಕೇಳಿದ್ದರು ನನ್ನನ್ನು? ತಾಲೂಕು ಪುಟದಲ್ಲಿ ಬಂತು. ಫೋಟೋದ ಕೆಳಗೆ ದಪ್ಪಕ್ಷರದಲ್ಲಿ ಅದೇ ಸಾಲು.

ಅಣ್ಣಿಗೇರಿಯ ಖಾನಾವಳಿಯಲ್ಲಿ ರೊಟ್ಟಿ ಪಾರ್ಸಲ್ ಕಟ್ಟುವುದು ಹಳೆ ಪೇಪರಿನಲ್ಲಿ. ನಾಲ್ಕು ದಿನದ ಮೇಲೆ ಆ ಹಾಳೆ ಫಾತಿಮಾಬಿಯ ಕೈಗೆ ಬಂತು. ತಾಯಿಯ ಮುಖ ಕಂಡು ಓದಿದಳು. ಮರುದಿನ ಮೊದಲ ಬಸ್ಸಿಗೆ ಬಂದಳು. ನಾನು ರಜಿಯಾಬಿಯ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ತಾಯಿ ಮಗಳು ಮನೆಯಲ್ಲಿ ಆಡುವುದು ಉರ್ದು. ಆವತ್ತು ಫಾತಿಮಾಬಿ ಕನ್ನಡದಲ್ಲೇ ಶುರುಮಾಡಿದಳು, ನನಗೂ ತಿಳಿಯಲಿ ಎಂದು. ಎಣ್ಣೆ ಕಲೆಯಾದ ಆ ಹಾಳೆಯನ್ನು ಮಗ್ಗದ ಮುಂದಿನ ಹಲಗೆಯ ಮೇಲೆ ಇಟ್ಟಳು.

"ಅಮ್ಮಾ, ಸ್ವಂತ ಮಗಳಿಗೆ ಕಲಿಸಿದಂಗ ಅಂದ್ರ ಹೆಂಗ? ನೀಲಾಗೂ ನೀರು ತರಾಕ ಕಳಿಸಿದ್ಯೇನು?"

ರಜಿಯಾಬಿಗೆ ಮಾತಿನ ತುದಿಬುಡ ತಿಳಿಯಲಿಲ್ಲ. ಹಾಳೆ ಎತ್ತಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಓದಿ ಮುಗಿಯುವಷ್ಟರಲ್ಲಿ ಅವಳ ಮುಖ ಸಣ್ಣದಾಗಿತ್ತು.

"ಬ್ಯಾರೆಯವರ ಮಗಳಿಗೆ ಕಲಿಸಿದ್ದಕ್ಕ ನನಗ ಸಿಟ್ಟಿಲ್ಲ," ಎಂದಳು ಫಾತಿಮಾಬಿ. "ನನ್ನ ಹೆಸರು ಯಾಕ ತಂದಿ? ನಾ ಇಲ್ಲಿ ಬಾಗಲಾಗ ನಿಂತಾಕಿ. ಒಂದಿನಾ ಆ ಪಂಜಾ ಮುಟ್ಟಿಲ್ಲ. ಊರಿಗೆಲ್ಲಾ ಸುಳ್ಳು ಹೇಳಿದೆಲ್ಲ, ಇನ್ನ ನನಗ ಈ ಮನಿ ಬ್ಯಾಡ. ಹಬ್ಬಕ್ಕೂ ಕರೀಬ್ಯಾಡ."

ನಾನು ಬರೆದದ್ದು ಎಂದು ಹೇಳಬೇಕಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಖರೇ ಹೇಳಿರಿ ಎಂದು ಕಲಿಸಿದ ಬಾಯಿ ಅವರೆಕಾಳು ನೋಡುತ್ತ ಸುಮ್ಮನಿತ್ತು. ಫಾತಿಮಾಬಿ ನೀರೂ ಕುಡಿಯದೆ ಹೊರಟುಹೋದಳು. ಅವಳು ಓಣಿ ದಾಟಿದ ಮೇಲೆ ನನಗೆ ಅಳು ಬಂತು.

"ತಪ್ಪಾತು ರಜಿಯಾಬಿ. ಆ ಸಾಲು ನಂದು. ಚಂದ ಕಾಣ್ಲಿ ಅಂತ ಬರದೆ."

"ಸಾಲು ನಿಮ್ದು," ಎಂದಳು ರಜಿಯಾಬಿ. "ಸಹಿ ನಂದೈತಲ್ರಿ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತಿನಿಂದ ಅವಳು ಮಗ್ಗದ ಹತ್ತಿರ ಹೋಗಲಿಲ್ಲ. ಯಂತ್ರದಲ್ಲಿ ತಿಕ್ಕಲು ನೀಲಾ ಒಯ್ಯಬೇಕಿದ್ದ, ರಜಿಯಾಬಿ ನೇಯುತ್ತಿದ್ದ ಜಮಖಾನದ ತುಂಡು ಅರ್ಧಕ್ಕೇ ನಿಂತಿತು. ಮೊದಲಿನಿಂದ ಕೊನೆಯತನಕ ಒಬ್ಬರದೇ ನುರಿತ ಕೈಯಲ್ಲಿ ಆಗಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಬರುವುದಿಲ್ಲ. ನೀಲಾ ಹೊರಡಲು ಇಪ್ಪತ್ತಾರು ದಿನ ಉಳಿದಿತ್ತು, ವೀಸಾ ಬಂದಿತ್ತು. ತುಂಡಿಲ್ಲದೆ ಅಲ್ಲಿಗೆ ಹೋಗಿ ಮಾಡುವುದೇನು?

"ಆಯಿಗೆ ಏನೂ ಕೇಳಬ್ಯಾಡ ಅತ್ತಿ," ಎಂದಳು ನೀಲಾ. "ಮುಂದಿನ ವರ್ಷ ಮತ್ತ ಅರ್ಜಿ ಹಾಕಿದ್ರಾತು." ಮುಂದಿನ ವರ್ಷ ಅವಳ ಓದೇ ಮುಗಿದಿರುತ್ತದೆ, ಅರ್ಜಿ ಹಾಕಲು ಬರುವುದಿಲ್ಲ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ರಾದ್ಧಾಂತವನ್ನೆಲ್ಲ ಅವಳು ಪತ್ರದಲ್ಲಿ ಬರೆದು ಪ್ರೊಫೆಸರ್ ಬಾಯಿಗೆ ಕಳಿಸಿದ್ದಳು. ರಜಿಯಾಬಿಯ ಹೆಸರಿನ ಪತ್ರದ ಆ ಸಾಲು ಸುಳ್ಳು, ಅದನ್ನು ತೆಗೆಯಿರಿ ಎಂದು. ಇಪ್ಪತ್ತಮೂರು ವರ್ಷದ ಹುಡುಗಿಗೆ ಬಂದ ಧೈರ್ಯ ನನಗೆ ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುದಿನ ಅಣ್ಣಿಗೇರಿ ಬಸ್ಸು ಹತ್ತಿದೆ.

ಖಾನಾವಳಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಒಲೆ, ನಾಲ್ಕು ಹೆಂಗಸರು. ಫಾತಿಮಾಬಿ ಕೊನೆಯ ಒಲೆಯವಳು. ನನ್ನನ್ನು ಕಂಡು ಮಣೆ ಸರಿಸಿದಳು. ಹಿಟ್ಟು ನಾದುವ ಅವಳ ಕೈಯನ್ನೇ ನೋಡುತ್ತ ಎಲ್ಲ ಹೇಳಿದೆ. ಪತ್ರ ಬರೆದವಳು ನಾನು, ಪೇಪರಿಗೆ ಕೊಟ್ಟವಳೂ ನಾನು, ನಿನ್ನ ತಾಯಿ ಓದಿಯೇ ಇರಲಿಲ್ಲ ಎಂದೆ.

ಅವಳು ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು. ಆಮೇಲೆ ಹೇಳಿದಳು.

"ಅದು ಅಮ್ಮಾನ ಮಾತಲ್ಲ ಅಂತ ಓದಿದ ಕೂಡ್ಲೆ ಗೊತ್ತಾತ್ರಿ ಅಕ್ಕೋರ. ಅಕಿ ಅಷ್ಟುದ್ದ ಮಾತಾಡಾಕಿನ ಅಲ್ಲ. ಸುಳ್ಳು ಅಂತ ಸಿಟ್ಟು ಬರಲಿಲ್ಲ. ಅದು ಖರೇ ಇರಬೇಕಿತ್ತು, ಇಲ್ಲಲ್ಲ, ಅಂತ ಸಿಟ್ಟು ಬಂತು."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಮಾತೇ. ಮನೆಗೆ ಹೋಗದೆ ನೆಟ್ಟಗೆ ರಜಿಯಾಬಿಯ ಬಳಿ ಹೋಗಿ, ಒಂದಕ್ಷರ ನನ್ನದು ಸೇರಿಸದೆ ಒಪ್ಪಿಸಿದೆ. ಅವಳು ಎದ್ದು ಬುರ್ಖಾ ಹಾಕಿಕೊಂಡಳು.

"ಅಣ್ಣಿಗೇರಿ ಬಸ್ ಮತ್ತ ಎಷ್ಟಕ್ಕೈತ್ರಿ?"

"ಈಗ ಬಂದೀನಿ ರಜಿಯಾಬಿ. ನಾಳೆ ಹೋಗೂಣು."

"ನಲವತ್ತು ವರ್ಷಾತ್ರಿ ಅಕ್ಕೋರ. ಇನ್ನ ನಾಳೆ ಅನ್ನಬ್ಯಾಡ್ರಿ."

ಹೀಗಾಗಿ ಒಂದೇ ದಿನ ಎರಡು ಸಲ ಅಣ್ಣಿಗೇರಿ ಕಂಡೆ. ಮಗಳು ದುಡಿಯುವ ಜಾಗವನ್ನು ರಜಿಯಾಬಿ ನೋಡಿದ್ದು ಅದೇ ಮೊದಲು. ಹೊಗೆಗೆ ಕಣ್ಣು ಕಿರಿದು ಮಾಡಿ ಮಗಳನ್ನು ಹುಡುಕಿ, ಒಲೆಯ ಪಕ್ಕ ನೆಲಕ್ಕೇ ಕೂತಳು. ಉಳಿದ ಹೆಂಗಸರು ಕೈ ನಿಲ್ಲಿಸಿ ನೋಡತೊಡಗಿದರು.

"ಫಾತಿಮಾ, ಕಲಿಯಾಕ ಬಾ."

ಫಾತಿಮಾಬಿ ಮೊದಲು ನನ್ನ ಮುಖ ನೋಡಿದಳು. "ನೀಲಾನ ಕೆಲಸ ನಿಂತೈತಿ ಅಂತ ಬಂದ್ಯೇನು?"

"ನೀಲಾ ಹೋಗ್ಲಿ, ಬಿಡ್ಲಿ. ನಿನ್ನ ಸಲುವಾಗಿ ಬಂದೀನಿ."

"ನನಗೀಗ ನಲವತ್ನಾಕು ಅಮ್ಮಾ. ಕಲ್ತು ಏನ್ ಮಾಡ್ಲಿ?"

"ನನಗ ಅರವತ್ತೆಂಟು. ಕಣ್ಣು ಮೊದಲಿನಂಗ ಇಲ್ಲ. ಹೆಚ್ಚು ತಡಾ ಆಗಿದ್ದು ಯಾರಿಗೆ, ನೀನ ಹೇಳು."

"ಅಜ್ಜಿಗೆ ಮಾತು ಕೊಟ್ಟೀನಿ ಅಂತಿದ್ದೆಲ್ಲ?"

"ಕೊಟ್ಟಿದ್ದೆ. ಹದಿನೆಂಟು ವರ್ಷದಾಕಿ, ಹೊಟ್ಯಾಗ ನೀ ಇನ್ನೂ ಇರಲಿಲ್ಲ. ನಿನ್ನ ಮಾರಿ ನೋಡಿರಲಿಲ್ಲ, ಅದಕ್ಕ ಕೊಟ್ಟೆ. ನೋಡಿದ ಮ್ಯಾಲ ಆಗಿದ್ರ ಕೊಡ್ತಿರಲಿಲ್ಲ. ಮಾತು ತಪ್ಪಿದ ಪಾಪ ನನಗಿರ್ಲಿ."

ಯಾರದೋ ಒಲೆಯಲ್ಲಿ ರೊಟ್ಟಿ ಸೀಯತೊಡಗಿತು. ಫಾತಿಮಾಬಿ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ತಾಯಿಗೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿಕೊಟ್ಟಳು. ರಜಿಯಾಬಿ ಕೂತು ಉಂಡಳು. ಕೊನೆಯ ಬಸ್ಸಿಗೆ ನಾವು ವಾಪಸು ಬಂದೆವು.

ನೀಲಾಳ ಸುದ್ದಿ ಇಲ್ಲೇ ಹೇಳಿಬಿಡುತ್ತೇನೆ, ಓದುವವರಿಗೆ ಅದೊಂದು ಚಿಂತೆ ಬೇಡ. ಅವಳು ನಿಗದಿಯಾದ ದಿನವೇ ಹೋದಳು, ತುಂಡನ್ನು ಹೆಗಲ ಚೀಲದಲ್ಲಿ ಇಟ್ಟುಕೊಂಡು. ಸುಳ್ಳು ಸಾಲನ್ನು ಒಪ್ಪಿಕೊಂಡಿದ್ದಕ್ಕೆ ಪ್ರೊಫೆಸರ್ ಬಾಯಿ ಸಿಟ್ಟಾಗಲಿಲ್ಲ. ಬಟ್ಟೆ ಯಾಕೆ ಬಾಳುತ್ತದೆ ಎಂದು ಬರೆಯುವ ಪ್ರಬಂಧದಲ್ಲಿ, ಆ ವಿದ್ಯೆ ಯಾರ ಕೈಗೆ ಹೋಗಲಿಲ್ಲ ಎಂಬುದೂ ಬರಲಿ ಎಂದು ಉತ್ತರಿಸಿದಳಂತೆ. ಯಂತ್ರ ತಿಕ್ಕಿ ತಿಕ್ಕಿ ಸುಸ್ತಾಗಿದೆ ಎಂದು ನೀಲಾ ವಿಡಿಯೋ ಕಳಿಸುತ್ತಾಳೆ. ರಜಿಯಾಬಿ ಅದನ್ನು ಓಣಿಗೆಲ್ಲ ತೋರಿಸುತ್ತಾಳೆ.

ತುಂಡು ಪೂರ್ತಿಯಾದದ್ದು ಹೀಗೆ. ನಾವು ಅಣ್ಣಿಗೇರಿಗೆ ಹೋಗಿಬಂದ ಮೂರನೆಯ ದಿನ, ಖಾನಾವಳಿಯ ರಜೆಯ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ ಫಾತಿಮಾಬಿ ಬಂದಳು. ನಾನೂ ನೀಲಾಳೂ ಅಲ್ಲೇ ಇದ್ದೆವು. ಯಾರನ್ನೂ ಮಾತಾಡಿಸದೆ ಪಡಸಾಲೆ ದಾಟಿ, ಚಪ್ಪಲಿ ಬಿಟ್ಟು, ಮಗ್ಗದ ಮುಂದೆ ಕೂತುಬಿಟ್ಟಳು. ಮಗ್ಗಕ್ಕೆ ಬಿಗಿದ ಉದ್ದ ಎಳೆಗಳ ಹಾಸು ಅಗಲವಾಗಿತ್ತು, ಒಂದು ಬದಿಗೆ ನೀಲಾಳ ತುಂಡು, ಇನ್ನೊಂದು ಬದಿ ಬರಿದಾಗಿತ್ತು. ರಜಿಯಾಬಿ ಮಗಳ ಪಕ್ಕ ಕೂತು ಬರಿದಾದ ಬದಿ ತೋರಿಸಿದಳು. ಕೆಂಪು ನೂಲು ಹೇಗೆ ಹಿಡಿಯಬೇಕು, ಎಲ್ಲಿ ತಿರುಗಿಸಬೇಕು ಎಂದು ಬೆರಳಿಗೆ ಬೆರಳು ಹಚ್ಚಿ ತೋರಿಸಿದಳು. ಕೊನೆಗೆ ಪಂಜಾ ಕೊಟ್ಟಳು.

ಫಾತಿಮಾಬಿ ರೊಟ್ಟಿ ಬಡಿದ ಕೈಯಿಂದ ಧಡಧಡ ಬಡಿದಳು. ಎಳೆ ಒಂದು ಕಡೆ ಗಂಟಾಯಿತು, ಇನ್ನೊಂದು ಕಡೆ ಸಡಿಲ ಬಿತ್ತು.

"ಏ ಹುಚ್ಚಿ! ಅದೇನ್ ಜ್ವಾಳದ ಹಿಟ್ಟೇನು?" ರಜಿಯಾಬಿ ಗದರಿದಳು. "ಮಣಿಕಟ್ಟು ತಿರುವು. ಭುಜ ಅಲ್ಲ, ಮಣಿಕಟ್ಟು. ತಲಿ ಎಲ್ಲೈತಿ ನಿಂದು?"

ಮೊದಲ ದಿನವೇ ಬೈದಳಲ್ಲ, ಎದ್ದು ಹೋದರೆ ಏನು ಗತಿ ಎಂದುಕೊಂಡೆ. ನೋಡಿದರೆ ಫಾತಿಮಾಬಿ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಮೂಗು ಒರೆಸಿಕೊಂಡು ಮಣಿಕಟ್ಟು ತಿರುವಿ ಮತ್ತೆ ಬಡಿದಳು. ಈ ಸಲ ಎಳೆ ಸಮ ಕೂತಿತು. ಮತ್ತೊಂದು ಎಳೆ, ಮತ್ತೊಂದು.

ರಜಿಯಾಬಿ ತನ್ನ ಬದಿಯ ತುಂಡಿಗೆ ಕೈ ಹಾಕಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಬಹಳ ಹೊತ್ತು ನೇಯ್ದರು. ನಾನು ಎದ್ದು ಹೋಗಬೇಕಿತ್ತು, ಮನಸ್ಸಾಗಲಿಲ್ಲ. ಆಮೇಲೆ ರಜಿಯಾಬಿ ಕಣ್ಣನ್ನು ನೂಲಿನ ಮೇಲೆಯೇ ಇಟ್ಟು, ಸಣ್ಣ ದನಿಯಲ್ಲಿ ಹೇಳಿದಳು.

"ನೀ ಆ ಬಾಗಲಾಗ ನಿಂತಿದ್ದು ನಾ ನೋಡಿಲ್ಲ ಅಂತ ತಿಳೀಬ್ಯಾಡ ಫಾತಿಮಾ. ಒಂದೊಂದು ಸಲಾನೂ ನೋಡೀನಿ."

ಫಾತಿಮಾಬಿ ಎಳೆ ಪೂರ್ತಿ ಮಾಡಿ, ಬಡಿದು ಕೂರಿಸಿದಳು.

"ಗೊತ್ತಿತ್ತಮ್ಮಾ," ಎಂದಳು. "ಅದಕ್ಕ ದಿನಾ ಬಂದು ನಿಲ್ತಿದ್ದೆ."